ಜೇಡಿಮಣ್ಣಿನ ಪದರ ಮತ್ತು ಹುಟ್ಟದವರ ಋಣ

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ನೂರಿಪ್ಪತ್ತು ವರ್ಷ ಅಗೆದ ಚಿನ್ನ ಯಾವ್ಯಾವುದೋ ತಿಜೋರಿ ಸೇರಿತು. ಅದಿರು ಅರೆದು ಚಿನ್ನ ತೆಗೆದ ಮೇಲೆ ಮಿಕ್ಕ ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿ ಮಾತ್ರ ಊರಲ್ಲೇ ಉಳಿಯಿತು. ಜನ ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಆ ಗುಡ್ಡಗಳು ಏಳತೊಡಗಿದ ಕಾಲಕ್ಕೆ ಅಡಿಯಲ್ಲಿ ನೀರು ತಡೆಯುವ ಪದರ ಹಾಸಬೇಕೆಂಬ ಕಲ್ಪನೆಯೇ ಇರಲಿಲ್ಲ. ಈಗ ಇದೆ. ಹಾಗಾದರೆ ಪದರ ಹಾಸಿದವರು ಮುಂದೆ ಹುಟ್ಟುವವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಕೈತೊಳೆದುಕೊಳ್ಳಬಹುದೇ? ಆಗದು ಎನ್ನುವುದಕ್ಕೆ ಆ ಪದರದ ಅಳತೆಯೇ ಸಾಕ್ಷಿ.

ಒತ್ತಿ ಕೂರಿಸಿದ ಜೇಡಿಮಣ್ಣಿನಲ್ಲಿ ನೀರು ಸೆಕೆಂಡಿಗೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ವೇಗವಾಗಿ ಇಳಿಯಬಾರದು ಎಂಬುದು ಎಂಜಿನಿಯರುಗಳ ರೂಢಿಯ ಮಿತಿ. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 3 ಸೆಂಟಿಮೀಟರ್. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಷ್ಟೇ ನೀರು ಹರಿಯುವುದರಿಂದ ನಿಜವಾದ ಓಟ ಇನ್ನೂ ಬಿರುಸು. ಒಂದು ಮೀಟರ್ ದಪ್ಪದ ಪದರ ದಾಟಲು ಹತ್ತು-ಹದಿನೈದು ವರ್ಷ ಸಾಕು. ಮೇಲೆ ನೀರು ನಿಂತರೆ ಇನ್ನೂ ಬೇಗ. ಲೋಹಗಳಲ್ಲಿ ಕೆಲವನ್ನು ಜೇಡಿ ಹಿಡಿದಿಟ್ಟುಕೊಳ್ಳುತ್ತದೆ, ನಿಜ, ಆದರೆ ಅದಕ್ಕೂ ಮಿತಿಯಿದೆ. ಇಷ್ಟೂ ಕೆಲಸ ಸರಿಯಾಗಿ ನಡೆದರೆ ಮಾತ್ರ. ಹೆಂಟೆ ಒಡೆಯಬೇಕು, ಹದಕ್ಕಿಂತ ತುಸು ಹೆಚ್ಚೇ ತೇವ ಇರಬೇಕು, ಒಂದು ಹಾಸಿನ ಮೈ ಕೆರೆದು ಅದರ ಮೇಲೆ ಇನ್ನೊಂದನ್ನು ರೋಲರಿನಿಂದ ತುಳಿಸಬೇಕು. ಬಿಸಿಲಿಗೆ ಬಿಟ್ಟರೆ ಬಿರುಕು. ಬೇಸಿಗೆಯ ಎರೆಹೊಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಒದ್ದೆಯಾದಾಗ ನೀರನ್ನು ಚೆನ್ನಾಗಿ ತಡೆಯುವ ಮಣ್ಣೇ ಒಣಗಿದಾಗ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಪ್ರಯೋಗಾಲಯದ ಅಂಕಿಗಿಂತ ಹತ್ತರಿಂದ ಸಾವಿರ ಪಟ್ಟು ಹೆಚ್ಚು ನೀರು ಬಿಡುವ ಪದರಗಳನ್ನು ಅಮೆರಿಕದ ಎಂಜಿನಿಯರ್ ಡೇವಿಡ್ ಡೇನಿಯಲ್ 1984ರಲ್ಲೇ ತೋರಿಸಿಕೊಟ್ಟರು. ಗಂಧಕವಿರುವ ಕಲ್ಲುಪುಡಿಯಾದರೋ ಗಾಳಿ-ನೀರು ಸಿಕ್ಕರೆ ಶತಮಾನಗಟ್ಟಲೆ ಆಮ್ಲ ಒಸರುತ್ತಲೇ ಇರುತ್ತದೆ. ಪದರ ಕೊಡುವುದು ತಡೆಯಲ್ಲ, ವಾಯಿದೆ.

ಇನ್ನೂ ಹುಟ್ಟದವರಿಗೆ ಹಕ್ಕೆಲ್ಲಿಯದು ಎಂದು ಕೇಳುವವರಿದ್ದಾರೆ. ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಇದನ್ನು ಇನ್ನಷ್ಟು ಬಿಗಿದರು: ನಾವು ಬೇರೆ ದಾರಿ ಹಿಡಿದಿದ್ದರೆ ಆ ಜನರೇ ಹುಟ್ಟುತ್ತಿರಲಿಲ್ಲ, ಬೇರೆಯವರು ಹುಟ್ಟುತ್ತಿದ್ದರು, ಹಾಗಿರುವಾಗ ಕೆಟ್ಟದ್ದಾಯಿತು ಎಂದು ದೂರುವವರು ಯಾರು? ಹಕ್ಕಿನ ಭಾಷೆಯಲ್ಲಿ ಇದಕ್ಕೆ ಉತ್ತರ ಸುಲಭವಲ್ಲ. ಋಣದ ಭಾಷೆಯಲ್ಲಿ ದಾರಿಯಿದೆ. ವೈದಿಕ ಪರಂಪರೆ ಹೇಳುವ ಮೂರು ಋಣಗಳಲ್ಲಿ ಪಿತೃಋಣ ವಿಚಿತ್ರವಾದದ್ದು. ಕೊಟ್ಟವರು ಹಿಂದಿನವರು, ತೀರಿಸುವುದು ಸಂತಾನದ ಮೂಲಕ, ಅಂದರೆ ಮುಂದಕ್ಕೆ. ಸಾಲಗಾರನ ಕರ್ತವ್ಯಕ್ಕೆ ಪಡೆಯುವವನ ಹೆಸರು, ಮುಖ, ದೂರು ಯಾವುದೂ ಬೇಕಿಲ್ಲ. (ಆ ಋಣವನ್ನು ಗಂಡುಮಗುವಿನ ಹಂಬಲಕ್ಕೆ ಇಳಿಸಿದ ನಮ್ಮ ಸಮಾಜ ಅದರ ಈ ಮುಖವನ್ನು ಮರೆತದ್ದು ಆಶ್ಚರ್ಯವೇನಲ್ಲ.) ನಾವು ಕುಡಿಯುವ ಬಾವಿಯ ನೀರು ಹಿಂದಿನವರಿಂದ ಬಂದದ್ದಾದರೆ, ಅದು ಮುಂದೆ ಹೋಗಲೇಬೇಕು, ಕುಡಿಯುವವರು ಯಾರಾದರೂ ಆಗಲಿ.

ಮುಂದಿನವರು ನಮಗಿಂತ ಸಿರಿವಂತರು, ಜಾಣರು, ಅವರೇ ಸರಿಪಡಿಸಿಕೊಳ್ಳುತ್ತಾರೆ ಎಂಬ ಮಾತು ಬಂಗಾರಪೇಟೆಯ ಆಚೆಯ ಆ ಸೈನೈಡ್ ಗುಡ್ಡಗಳ ಮುಂದೆ ಪೊಳ್ಳಾಗುತ್ತದೆ. 1880ರ ದಶಕದವರಿಗೆ ನಾವೇ ಆ ಮುಂದಿನವರು. ಆದರೂ ಬೇಸಿಗೆಯ ಗಾಳಿಗೆ ಪುಡಿ ಇನ್ನೂ ಏಳುತ್ತದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಪರಿಪೂರ್ಣ ಪದರ ಬೇಕೆಂದರೆ ಗಣಿಯೇ ಬೇಡವೆಂದಂತೆ, ತಾಮ್ರವಿಲ್ಲದೆ ವಿದ್ಯುತ್ತೂ ಇಲ್ಲ. ಒಪ್ಪೋಣ. ನಾನು ಕೇಳುತ್ತಿರುವುದು ಪರಿಪೂರ್ಣತೆಯನ್ನಲ್ಲ, ಪದರ ಸೋಲುವ ಹೊತ್ತಿಗೆ ಅಲ್ಲೊಬ್ಬರು ಇರಬೇಕೆಂಬುದನ್ನು: ಸುತ್ತಲ ಬಾವಿಗಳ ನೀರು ಪರೀಕ್ಷಿಸಲು, ಸೋರಿದ್ದನ್ನು ಹಿಂದಕ್ಕೆ ಪಂಪ್ ಮಾಡಲು. ನಮ್ಮ 2017ರ ಖನಿಜ ಸಂರಕ್ಷಣಾ ನಿಯಮಗಳು ಗಣಿ ಮುಚ್ಚುವ ಯೋಜನೆಯನ್ನೂ ಅದಕ್ಕೆ ಹಣದ ಭದ್ರತೆಯನ್ನೂ ಕೇಳುತ್ತವೆ. ಮುಚ್ಚುವ ಕೆಲಸ ತೃಪ್ತಿಕರವಾಗಿ ಮುಗಿದರೆ ಭದ್ರತೆ ಬಿಡುಗಡೆಯಾಗುತ್ತದೆ. ಮಣ್ಣಿನ ವಾಯಿದೆ ಮಾತ್ರ ಆಗಲೂ ಓಡುತ್ತಲೇ ಇರುತ್ತದೆ. ಆ ಭದ್ರತೆ ಪದರದ ಆಯುಷ್ಯಕ್ಕಿಂತ ಮೊದಲು ಕೈಬಿಟ್ಟುಹೋಗದಂತೆ ನಿಯಮ ತಿದ್ದಿದರೆ ಚಿನ್ನದ ಬೆಲೆ ಏರಬಹುದು. ಏರಲಿ, ಇಷ್ಟು ದಿನ ಆ ವ್ಯತ್ಯಾಸವನ್ನು ಕಟ್ಟಿದವರು ಚಿನ್ನ ಕೊಂಡವರಲ್ಲ.