ಸಂಕೋಚ ಯಾರದು?

ದೇಹದ ವ್ಯಾಪಾರಗಳಲ್ಲಿ ಕೆಲವನ್ನು ಸಭ್ಯರು ಬಾಯಿಬಿಟ್ಟು ಆಡುವುದಿಲ್ಲ. ಹೊಸೂರು ಸೀಮೆಯ ನಮ್ಮ ಮನೆಗಳಲ್ಲಿಯೂ 'ಹೊರಕಡೆಗೆ ಹೋಗುವುದು' ಎಂದಷ್ಟೇ ಹೇಳಿ ಮುಗಿಸುತ್ತೇವೆ. ಜೀರ್ಣಾಂಗಗಳ ಪಾಠದಲ್ಲಿಯೂ ನಾವು ಬಾಯಿ, ಜಠರಗಳಲ್ಲಿ ನಿಧಾನಿಸಿ, ದೊಡ್ಡ ಕರುಳಿಗೆ ಬಂದೊಡನೆ ಅವಸರಪಡುತ್ತೇವೆ. ಈ ಮರೆ ವೈದ್ಯರ ಮುಂದೆಯೂ ಉಳಿಯಬೇಕೆ?

ಡೆಂಕಣಿಕೋಟೆ ಕಡೆಯ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಮಲದೊಡನೆ ರಕ್ತ ಬೀಳುತ್ತಿದೆ. ಉಷ್ಣವೆಂದು ಒಂದು ತಿಂಗಳು ಮಜ್ಜಿಗೆ ಕುಡಿದನು. ಬಳಿಕ ಡಾಕ್ಟರಲ್ಲಿಗೆ ಹೋಗಿ, ನಾಲ್ಕು ಜನರ ಕಿವಿಗೆ ಬೀಳುವಂತಹ ಕೋಣೆಯಲ್ಲಿ, ತನ್ನದಲ್ಲದ ತಮಿಳಿನಲ್ಲಿ, 'ಮೂಲ' ಎಂದನು. ಕನ್ನಡದಲ್ಲಿ ಮೂಲವ್ಯಾಧಿ, ತಮಿಳಿನಲ್ಲಿ ಮೂಲಂ. ಎರಡು ನುಡಿಗೂ ಸಲ್ಲುವ ಆ ಒಂದು ಮಾತು ಇಬ್ಬರ ಸಂಕೋಚವನ್ನೂ ಕಳೆಯಿತು. ಮುಲಾಮು ಬರೆದಾಯಿತು. ರೋಗದ ಹೆಸರನ್ನು ರೋಗಿಯೇ ಹೇಳಿದನು, ವೈದ್ಯರು ಒಪ್ಪಿದರು. ನೋಡಿದವರು ಮಾತ್ರ ಯಾರೂ ಇಲ್ಲ.

ಇಂತಹ ರಕ್ತ ಬಹುಮಟ್ಟಿಗೆ ಮೂಲವ್ಯಾಧಿಯದೇ ಆಗಿರುವುದುಂಟು. ಆದರೆ ಗುದನಾಳದ ಕ್ಯಾನ್ಸರ್ ಸಹ ಹೀಗೆಯೇ ಮೊದಲಾಗಬಹುದು. ನಮ್ಮ ದೇಶದಲ್ಲಿ ಅದು 40 ದಾಟದವರಲ್ಲಿಯೂ ಅಪೂರ್ವವಲ್ಲ. ಕೈಗವಸು ತೊಟ್ಟ ಬೆರಳಿನಿಂದ ವೈದ್ಯರು ಮಾಡುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಬೆರಳು ಮುಟ್ಟುವುದು ಏಳೆಂಟು ಸೆಂಟಿಮೀಟರು ಮಾತ್ರ; ಏನೂ ತಗುಲದಿದ್ದರೆ ರೋಗವಿಲ್ಲವೆಂದಲ್ಲ. ಮಲವಿಸರ್ಜನೆಯ ವಾಡಿಕೆ ವಾರಗಟ್ಟಲೆ ಕೆಟ್ಟಿದ್ದರೆ, ತೂಕ ಇಳಿದಿದ್ದರೆ, ರಕ್ತಹೀನತೆ ಕಂಡರೆ, ದೀಪವುಳ್ಳ ಕೊಳವೆಯಿಂದ ಕರುಳನ್ನು ನೋಡಬಲ್ಲವರ ಬಳಿಗೆ ಕಳುಹಿಸಲೇಬೇಕು.

ಪರೀಕ್ಷಿಸದ ವೈದ್ಯರು ನಿರ್ದಯರೆಂದು ನಾವು ಹೇಳಲಾರೆವು. ರೋಗಿಯ ಮಾನವನ್ನು ಕಾಯುತ್ತಿರುವೆವೆಂದೇ ಅವರು ನಂಬಿರಬಹುದು. ರೋಗಿ ಹೆಂಗಸಾದರಂತೂ ಸರಿಯೇ ಸರಿ. ತೊಡಕಿರುವುದು ಇಲ್ಲಿಯೇ. ಕೇಳದೆಯೇ ಇನ್ನೊಬ್ಬರ ಪರವಾಗಿ ನಾಚಿಕೊಳ್ಳುವ ಅಧಿಕಾರವನ್ನು ವೈದ್ಯರಿಗೆ ಕೊಟ್ಟವರಾರು? ಪರದೆ ಎಳೆದು, ಮಾಡುವುದೇನೆಂದು ತಿಳಿಸಿ, ಬೇಕಾದರೆ ದಾದಿಯನ್ನು ಕರೆದು ಒಪ್ಪಿಗೆ ಕೇಳಿದಾಗ, 'ಒಲ್ಲೆ' ಎನ್ನುವ ಸ್ವಾತಂತ್ರ್ಯ ರೋಗಿಗೆ ಇದ್ದೇ ಇದೆ. ಕೇಳದಿದ್ದರೆ ಅದೂ ಇಲ್ಲ.

ಇನ್ನು, ಮುಟ್ಟಿಯೂ ನೋಡದೆ ಎಲ್ಲರಿಗೂ 'ಬೆಂಗಳೂರಿಗೆ ಹೋಗಿ' ಎನ್ನುವುದು ಕೂಡ ಹೊಣೆಯಿಂದ ನುಣುಚಿಕೊಳ್ಳುವ ಬಗೆಯೇ. ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರು. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಅಲ್ಲಿನ ಹೊಸೂರು ರಸ್ತೆಯಲ್ಲಿಯೇ ಇದೆ. ಕೃಷ್ಣಗಿರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜು 2022ರಲ್ಲಿ ಉದ್ಘಾಟನೆಗೊಂಡಿತು. ದಾರಿಯೇನೋ ದೂರವಲ್ಲ. ಆದರೆ ಕಂಡದ್ದೇನು, ಶಂಕೆಯೇನು ಎಂದು ಬರೆದ ಚೀಟಿಯಿಲ್ಲದೆ, ಒಂದು ದಿನದ ಕೂಲಿಯನ್ನು ಬಿಟ್ಟು ಹೋದವನು, ಅಲ್ಲಿಯೂ ಒಬ್ಬ ಅಪರಿಚಿತರ ಮುಂದೆ ಮತ್ತೆ 'ಮೂಲ' ಎಂದೇ ಆರಂಭಿಸಬೇಕಾಗುತ್ತದೆ.