ಕೊಳಗವೆಂಬ ಮಾತು

ಒಂದೇ ಮಾತಿಗೆ ಹೇಳಿದವನು ಒಂದು ಅರ್ಥವನ್ನೂ ಕೇಳಿದವನು ಬೇರೊಂದು ಅರ್ಥವನ್ನೂ ಇಟ್ಟುಕೊಂಡರೆ, ಅಲ್ಲಿ ಸುಳ್ಳಾಡಿದವನು ಯಾರು? ಕೊಳಗವೆಂಬ ನಮ್ಮ ಹಳೆಯ ಮಾತಿನಿಂದ ಇದನ್ನು ವಿಚಾರಿಸೋಣ.

ಆಲೂರು, ಸಕಲೇಶಪುರ ಸೀಮೆಯ ಹಳೆಯ ರೈತರಿಗೆ ಕೊಳಗವೆಂದರೆ ಬತ್ತ ಅಳೆಯುವ ಪಾತ್ರೆ. ಅಂಥಾ 20 ಕೂಡಿದರೆ ಒಂದು ಖಂಡುಗ. ಶಾಸನ ಓದುವವರಿಗೆ ಅದು ನೆಲದ ಅಳತೆ. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳಲ್ಲಿ ಗದ್ದೆಗಳನ್ನು ಸಲಗೆ ಕೊಳಗಗಳಿಂದ ಎಣಿಸಿರುವದುಂಟು. ದನದ ಗೊರಸನ್ನು ಕೊಳಗು ಎನ್ನುವರು. ಶಿವಾಲಯದಲ್ಲಿ ಲಿಂಗಕ್ಕೆ ತೊಡಿಸುವ ಲೋಹದ ಕವಚವೂ ಕೊಳಗವೇ.

ಈ ಭೇದಗಳಿಂದ ಯಾರಿಗೂ ಕೇಡಿಲ್ಲ. ಯಾಕಂದರೆ ಗುಡಿಯ ಕೊಳಗದಲ್ಲಿ ಬತ್ತ ಅಳೆಯಬೇಕೆಂದು ಯಾರೂ ಎಣಿಸರು. ಅರ್ಥಗಳು ಒಂದಕ್ಕೊಂದು ಹತ್ತಿರವಿರುವಲ್ಲಿಯೇ ಕೇಡು ಹುಟ್ಟುವದು. ಬತ್ತದ ಕೊಳಗದ ಗಾತ್ರವು ಸೀಮೆಸೀಮೆಗೆ ಬೇರೆಯಾಗಿತ್ತು. ನನ್ನ ಅಜ್ಜಿಯವರು ಹೇಳುತ್ತಿದ್ದ ಒಬ್ಬ ಒಡೆಯನ ಮನೆಯಲ್ಲಿ ಎರಡು ಕೊಳಗಗಳಿದ್ದವಂತೆ: ಗೇಣಿ ತಕ್ಕೊಳ್ಳುವದಕ್ಕೆ ದೊಡ್ಡದು, ಕೂಲಿ ಕೊಡುವದಕ್ಕೆ ಚಿಕ್ಕದು. “ಕೊಳಗ ಬತ್ತವೆಂದೆ, ಕೊಳಗವನ್ನೇ ಕೊಟ್ಟೆ, ಸುಳ್ಳೆಲ್ಲಿ?” ಎಂದು ಅವನು ಕೇಳುವನು. “ಮಾತು ನಿಜವೇ ಒಡೆಯರೇ, ಮಡಿಲು ಮಾತ್ರ ತುಂಬಲಿಲ್ಲ” ಎಂದು ನಮ್ಮವರು ಹೇಳಿ ಹೋಗುವರು.

ಕಿಟ್ಟೆಲ್ ಪಂಡಿತರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎಂಥಾ ನಿಘಂಟಾದರೂ ಮಾತಿನ ಅರ್ಥಗಳನ್ನು ಸಾಲಾಗಿ ತೋರಿಸಬಲ್ಲದು. ಆಡಿದವನ ಹೃದಯದಲ್ಲಿ ಯಾವದಿತ್ತೆಂದು ತೋರಿಸಲಾರದು. ಮಾತು ಆಡಿದವನೊಬ್ಬನ ಸೊತ್ತಲ್ಲ. ಕೇಳಿದವನು ಅದನ್ನು ನಂಬಿ ದಿನವೆಲ್ಲಾ ದುಡಿದಿದ್ದಾನೆ. ಆದದರಿಂದ ಅವನು ಯಾವ ಅರ್ಥವನ್ನು ಹಿಡಿದನೆಂದು ನಾವು ಬಲ್ಲೆವೋ, ಆ ಅರ್ಥಕ್ಕೇ ನಾವು ಕಟ್ಟುಬಿದ್ದವರು. ತಿಳಿಯದೆ ತಪ್ಪಿದವನು ಸುಳ್ಳುಗಾರನಲ್ಲ. ತಿಳಿದ ಮೇಲೂ ಕೊರತೆಯನ್ನು ತುಂಬಿಕೊಡದಿದ್ದರೆ ಸುಳ್ಳುಗಾರನೇ. ಮೋಶೆಯ ಧರ್ಮಶಾಸ್ತ್ರವು ಮನೆಯಲ್ಲಿ ಎರಡು ಅಳತೆಗಳನ್ನು ಇಡುವದನ್ನೇ ನಿಷೇಧಿಸಿತು. ಎರಡನೆಯದು ಇರುವದೇ ವಂಚನೆಗೆ ಬಾಗಿಲು.

1956ರ ಕಾಯಿದೆಯಿಂದ ದೇಶಕ್ಕೆಲ್ಲಾ ಕಿಲೋಗ್ರಾಂ ಒಂದೇ ಆಯಿತು. ಆದರೂ ಕಾಫಿಯ ಮೂಟೆಯೆಂದರೆ 50 ಕಿಲೋ, ಬತ್ತದ ಮೂಟೆಯೆಂದರೆ ಬೇರೆ ತೂಕ. “ಒಂದು ದಿನದ ಕೆಲಸ” ಎಂಬಲ್ಲಿ ತೋಟದವನ ದಿನವೊಂದು, ಆಳಿನ ದಿನವೊಂದು. ಹೀಗಿರಲಾಗಿ, ಮಾತು ಕೊಡುವದಕ್ಕೆ ಮುಂಚೆ ಕೊಳಗವನ್ನೂ ತೋರಿಸೋಣ.