ಚೀಸೂ ಅಹಿಂಸೆಯೂ

ಇಟಲಿಯ ಪಾರ್ಮಾ ಪ್ರಾಂತದಲ್ಲಿ ಹಸುವಿನ ಹಾಲನ್ನು ತಾಮ್ರದ ಕೊಪ್ಪರಿಗೆಗೆ ಸುರಿದು, ಎಳಗರುವಿನ ಜಠರದಿಂದ ತೆಗೆದ ರೆನೆಟ್ ಎಂಬ ದ್ರವ್ಯದಿಂದ ಹೆಪ್ಪುಗಟ್ಟಿಸಿ, ಉಪ್ಪುನೀರಿನಲ್ಲಿ ನೆನೆಯಿಸಿ, ಕನಿಷ್ಠಪಕ್ಷ 12 ತಿಂಗಳು ಮಾಗಿಸುವ ಪಾರ್ಮಿಜಾನೊ ಚೀಸಿನ 100 ಗ್ರಾಂ ತುಂಡಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನೂ 1 ಗ್ರಾಮಿಗೆ ಮಿಕ್ಕ ಕ್ಯಾಲ್ಸಿಯಮ್ಮೂ ಅಡಕವಾಗಿರುವುದರಿಂದ, ಅಸ್ಥಿಪುಷ್ಟಿಗೆ ಇಷ್ಟು ಸಾಂದ್ರವಾದ ಆಹಾರವು ವಿರಳವೆಂದೇ ಹೇಳಬೇಕು. ಆದರೆ ಮಾಂಸವನ್ನು ವರ್ಜಿಸಿದ ಸಾಧಕನು ಇದನ್ನು ಉಣ್ಣಬಹುದೆ?

ಕರುವನ್ನು ಕೊಂದದ್ದು ಮಾಂಸಕ್ಕಾಗಿ, ರೆನೆಟ್ಟಾದರೋ ಉಪೋತ್ಪನ್ನ, ಅದೂ ಲೇಶಮಾತ್ರ ಎಂಬ ಸಮಾಧಾನವುಂಟು. ನನಗೆ ಅದು ಒಪ್ಪಿಗೆಯಾಗದು. ಏಕೆಂದರೆ ತಾನು ಮಾಡಿದ, ಪರರಿಂದ ಮಾಡಿಸಿದ, ಮಾಡಿದವರನ್ನು ಅನುಮೋದಿಸಿದ ಹಿಂಸೆಗಳು ಮೂರನ್ನೂ ಕರ್ಮಬಂಧವೆಂದೇ ಎಣಿಸುವ ಜೈನ ವಿಚಾರದಲ್ಲಿ ತೂಕದ ಅಲ್ಪತ್ವವು ಅನುಮೋದನೆಯನ್ನು ಅಳಿಸಲಾರದು. ಪೋರ್ಚುಗಲ್ಲಿನ ಕುರುಬರು ಸೆರ್ರಾ ದ ಎಸ್ತ್ರೇಲಾ ಚೀಸಿಗೆ ಕುರಿಯ ಹಾಲನ್ನು ಒಂದು ಮುಳ್ಳುಗಿಡದ ಒಣಹೂವಿನಿಂದಲೇ ಹೆಪ್ಪುಗಟ್ಟಿಸುತ್ತಾರೆ. ಈಗ ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವವೂ ಬಳಕೆಯಲ್ಲಿದೆ. ಇವನ್ನು ಸಾಧಕನು ನಿಶ್ಶಂಕೆಯಿಂದ ಆಯಬಹುದು.

ಇದಕ್ಕಿಂತಲೂ ಕಠಿನವಾದುದು ಹಾಲಿನದೇ ಪ್ರಶ್ನೆ: ಹಸು ಈಯದೆ ಹಾಲಿಲ್ಲ, ಹುಟ್ಟಿದ ಗಂಡುಗರುವಿಗೆ ಹಾಲಿನ ಉದ್ಯಮದಲ್ಲಿ ಪ್ರಾಯಶಃ ನೆಲೆಯಿಲ್ಲ, ನಿಂಬೆರಸದಿಂದ ಒಡೆದ ನಮ್ಮ ಪನೀರು ಕೂಡ ಈ ಋಣದಿಂದ ಮುಕ್ತವಲ್ಲ.